ಮೂಗಿನ ಮೇಸ್ತ್ರಿ ಮತ್ತು ನಲವತ್ತೆರಡು ಮರಿಗಳು

ಮೂವತ್ತೊಂದು ವರ್ಷ ಊರಿನ ಕುಡಿಯುವ ನೀರಿಗೆ ಕ್ಲೋರಿನ್ ಹಾಕಿದ ಮನುಷ್ಯ ನಿವೃತ್ತನಾದ ಮೇಲೆ ನೀರಿನಿಂದ ಕ್ಲೋರಿನ್ ಓಡಿಸುವ ಕೆಲಸಕ್ಕೆ ಸೇರಿಕೊಂಡ. ಇದನ್ನು ಅವನೇ ಸಿಕ್ಕಿದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಸಂಬಳವಿಲ್ಲ, ವಾರದ ರಜೆಯಿಲ್ಲ, ಮೇಲಧಿಕಾರಿ ಮನೆಯೊಳಗೇ ಓಡಾಡಿಕೊಂಡಿರುತ್ತಾಳೆ ಎಂದು ಸೇರಿಸುವುದನ್ನೂ ಮರೆಯುತ್ತಿರಲಿಲ್ಲ. ಮೇಲಧಿಕಾರಿ ಎಂದರೆ ಅವನ ಹೆಂಡತಿ. ಅವಳು ಸಾಕುತ್ತಿದ್ದದ್ದು ಡಿಸ್ಕಸ್ ಮೀನು.

ಪಂಪ್‌ಹೌಸಿನಲ್ಲಿ ಅವನಿಗೆ ಮೂಗಿನ ಮೇಸ್ತ್ರಿ ಎಂದು ಹೆಸರು. ಹೆಸರು ಬರಲು ಕಾರಣವಿತ್ತು. ಬೆಳಿಗ್ಗೆ ಪಾಳಿಗೆ ಬಂದ ತಕ್ಷಣ ಅವನು ಹೊರಹೋಗುವ ಕೊಳವೆಯ ನಲ್ಲಿಯಿಂದ ಒಂದು ಸ್ಟೀಲ್ ಲೋಟ ನೀರು ಹಿಡಿದು, ಕಣ್ಣು ಮುಚ್ಚಿ, ಮೂಗಿನ ಕೆಳಗೆ ಒಂದು ಸುತ್ತು ಆಡಿಸುತ್ತಿದ್ದ. ಆಮೇಲೆ ‘ಸರಿಯಿದೆ’ ಎನ್ನುತ್ತಿದ್ದ, ಇಲ್ಲವೇ ‘ಒಂದು ಚೂರು ಜಾಸ್ತಿ’ ಎಂದು ಕ್ಲೋರಿನ್ ಸಿಲಿಂಡರಿನ ವಾಲ್ವ್ ಅನ್ನು ಕೂದಲೆಳೆಯಷ್ಟು ತಿರುಗಿಸುತ್ತಿದ್ದ. ಪ್ರಯೋಗಾಲಯದವರು ಅದೇ ನೀರಿಗೆ ಹನಿ ಹಾಕಿ, ಬಂದ ಹಳದಿ ಬಣ್ಣವನ್ನು ಪಟ್ಟಿಗೆ ಹೋಲಿಸಿ ನೋಡಿದರೆ ಮೇಸ್ತ್ರಿ ಹೇಳಿದ್ದೇ ಆಗಿರುತ್ತಿತ್ತು. ಒಂದು ಸಲವಲ್ಲ, ಹತ್ತು ಸಲವಲ್ಲ, ವರ್ಷಗಟ್ಟಲೆ. ಹೊಸದಾಗಿ ಬಂದ ಎಂಜಿನಿಯರುಗಳು ಮೊದಲು ಮುಖ ಸಿಂಡರಿಸಿ, ಆಮೇಲೆ ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋಗುತ್ತಿದ್ದರು. ಹೊಗಳಿಕೆ ಯಾರಿಗೆ ಬೇಡ? ಮೇಸ್ತ್ರಿಗೆ ಅದು ಚೆನ್ನಾಗಿಯೇ ಹತ್ತಿತು. ಮನೆಯಲ್ಲಿ ಗಡಿಯಾರ ನೋಡುವವನೂ ಪಂಪ್‌ಹೌಸಿನಲ್ಲಿ ಯಾವ ಅಳತೆಯ ಸಾಮಾನನ್ನೂ ಮುಟ್ಟುತ್ತಿರಲಿಲ್ಲ.

ಅವನ ಕೈಕೆಳಗೆ ಇದಕ್ಕೆ ತದ್ವಿರುದ್ಧವಾದ ಒಬ್ಬ ಆಪರೇಟರ್ ಇದ್ದ. ವಯಸ್ಸು ನಲವತ್ತರ ಹತ್ತಿರ, ಕನ್ನಡಕ, ಮಾತು ಕಡಿಮೆ. ಅಳೆಯದೆ ಏನನ್ನೂ ನಂಬದವನು. ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವಾಗಲೂ ಚಮಚದ ಮೇಲೆ ಬೆರಳು ಎಳೆದು ಸಮ ಮಾಡುತ್ತಿದ್ದ. ಅವನಿಗೆ ಎಲ್ಲರೂ ಸೇರಿ ಮೀಟರ್ ಎಂದು ಹೆಸರಿಟ್ಟಿದ್ದರು. ಮೇಸ್ತ್ರಿ ಅವನನ್ನು ದಿನಕ್ಕೆ ಮೂರು ಸಲವಾದರೂ ಗೇಲಿ ಮಾಡುತ್ತಿದ್ದ, ಮೀಟರ್ ಮೂರು ಸಲವೂ ನಕ್ಕು ಸುಮ್ಮನಾಗುತ್ತಿದ್ದ.

ಹೆಂಡತಿಗೆ ಮೀನಿನ ಹುಚ್ಚು ಹಿಡಿದದ್ದು ಮಗಳ ಮದುವೆಯಾದ ವರ್ಷ. ಮಗಳು ಗಂಡನ ಮನೆಗೆ ಹೋಗುವಾಗ ಬಿಟ್ಟುಹೋದ ಸಣ್ಣ ಅಕ್ವೇರಿಯಂ ಒಂದಿತ್ತು. ಅದಕ್ಕೆ ನಾಲ್ಕು ಮೀನು ತರೋಣವೆಂದು ಅಂಗಡಿಗೆ ಹೋದವಳು ಅಲ್ಲಿ ತಟ್ಟೆಯಂತೆ ಗುಂಡಗೆ, ಚಪ್ಪಟೆಯಾಗಿ, ನಿಂತಲ್ಲೇ ನಿಂತು ತನ್ನನ್ನೇ ನೋಡುತ್ತಿದ್ದ ಒಂದು ಡಿಸ್ಕಸ್ ಮೀನನ್ನು ಕಂಡಳು. ಅಂಗಡಿಯವನು, “ಅದು ನಿಮ್ಮ ಕೈಲಾಗಲ್ಲಮ್ಮ, ಬೇರೆ ಯಾವುದಾದ್ರೂ ತಗೊಳ್ಳಿ” ಎಂದ. ಅಷ್ಟು ಸಾಕಾಯಿತು. ಹೊಲಿಗೆಯಂತ್ರದ ಮುಂದೆ ಇಪ್ಪತ್ತೈದು ವರ್ಷ ಕುಳಿತು ಮಗಳನ್ನು ಓದಿಸಿದವಳಿಗೆ ‘ಕೈಲಾಗಲ್ಲ’ ಎಂಬ ಮಾತು ಮೈಗೆ ಆಗಿಬರುತ್ತಿರಲಿಲ್ಲ. ಎರಡು ವರ್ಷದೊಳಗೆ ಮಗಳ ಕೋಣೆಯಲ್ಲಿ ಮಂಚ ಹೋಗಿ ಕಬ್ಬಿಣದ ಸ್ಟ್ಯಾಂಡ್ ಬಂತು, ಅದರ ಮೇಲೆ ಏಳು ಟ್ಯಾಂಕ್ ಬಂದವು. ಗೋಡೆಗೆ ಒತ್ತಿ ನಾಲ್ಕು ನೀಲಿ ಡ್ರಮ್ ಬಂದವು. ಕೋಣೆ ಹಗಲಿಡೀ ಬೆಚ್ಚಗಿದ್ದು ಗಾಳಿಯ ಪಂಪಿನಿಂದ ಗುರುಗುಟ್ಟುತ್ತಿತ್ತು.

ಸಾಕುವುದು ಬಂತು, ಮರಿ ಮಾಡಿಸುವುದು ಬರಲಿಲ್ಲ. ಅದಕ್ಕೆ ಮೂರು ವರ್ಷ ಹಿಡಿಯಿತು. ಒಂದು ಸಲ ಜೋಡಿ ಮೊಟ್ಟೆಯಿಟ್ಟು ತಾನೇ ತಿಂದುಹಾಕಿತು. ಇನ್ನೊಂದು ಸಲ ಮೊಟ್ಟೆಗೆ ಬೂಷ್ಟು ಹಿಡಿಯಿತು. ಮತ್ತೊಂದು ಸಲ ಮರಿಗಳು ಹೊರಬಂದವು, ಆದರೆ ತಾಯಿಯ ಮೈಗೆ ಅಂಟಿಕೊಳ್ಳಲಿಲ್ಲ. ಡಿಸ್ಕಸ್ ಮರಿಗಳ ವಿಶೇಷವೇ ಅದು. ಹುಟ್ಟಿದ ಮೊದಲ ದಿನಗಳಲ್ಲಿ ಅವು ತಂದೆತಾಯಿಯ ಮೈಮೇಲಿನ ಲೋಳೆಯನ್ನು ಕಚ್ಚಿ ತಿಂದೇ ಬದುಕಬೇಕು, ಹೊರಗಿನದು ಏನೂ ಒಗ್ಗುವುದಿಲ್ಲ. ತಾಯಿಯ ಮೈ ಸಿಗದ ಆ ಮರಿಗಳೆಲ್ಲ ಎರಡು ದಿನದಲ್ಲಿ ಹೋದವು. ಅವಳು ಆ ದಿನ ಊಟ ಮಾಡಲಿಲ್ಲ. ನಾಲ್ಕನೆಯ ಸಲ ಮರಿಗಳು ಅಂಟಿಕೊಂಡವು. ಅವಳು ಟ್ಯಾಂಕಿನ ಮುಂದೆ ಸ್ಟೂಲ್ ಹಾಕಿಕೊಂಡು ಉಸಿರು ಬಿಗಿಹಿಡಿದು ಕುಳಿತಿದ್ದಳು. ಐದು ವಾರವಾದ ಮೇಲೆ ಬೇರೆ ಟ್ಯಾಂಕಿಗೆ ಬಿಟ್ಟು ಎಣಿಸಿದಾಗ ನಲವತ್ತೆರಡು ಇದ್ದವು.

ಮೇಸ್ತ್ರಿ ನಿವೃತ್ತನಾದದ್ದು ಇದಕ್ಕೆ ಸ್ವಲ್ಪ ಮುಂಚೆ. ಮೊದಲ ತಿಂಗಳು ಅವನು ಬೆಳಿಗ್ಗೆ ಎದ್ದು, ಅಭ್ಯಾಸಬಲದಿಂದ ಪಂಪ್‌ಹೌಸಿನ ಗೇಟಿನವರೆಗೆ ಹೋಗಿ, ಕಾವಲುಗಾರನ ಜೊತೆ ಎರಡು ಮಾತಾಡಿ, ಒಳಗೆ ಕರೆಯುತ್ತಾರೇನೋ ಎಂದು ಕಾದು ವಾಪಸು ಬರುತ್ತಿದ್ದ. ಯಾರೂ ಕರೆಯುತ್ತಿರಲಿಲ್ಲ. ಅವರಿಗೆ ಅವರ ಕೆಲಸ. ಹೆಂಡತಿ ನಾಲ್ಕು ವಾರ ನೋಡಿದಳು. ಐದನೆಯ ವಾರ, “ರೀ, ನನಗೂ ನೀರು ಹೊರೋರು ಒಬ್ಬರು ಬೇಕಾಗಿದ್ದಾರೆ. ಸೊಂಟ ಬಿದ್ದುಹೋಗಿದೆ” ಎಂದಳು. ಅವಳ ಸೊಂಟಕ್ಕೆ ಏನೂ ಆಗಿರಲಿಲ್ಲ. ಮೇಸ್ತ್ರಿಗೂ ಅದು ಗೊತ್ತಿತ್ತು. ಆದರೂ ಮರುದಿನದಿಂದಲೇ ಪ್ಯಾಂಟ್ ಮಡಚಿಕೊಂಡು ಕೋಣೆಗೆ ಇಳಿದ.

ಕೆಲಸ ಕಡಿಮೆಯದೇನಲ್ಲ. ಬೆಳೆಯುವ ಡಿಸ್ಕಸ್ ಮರಿಗೆ ದಿನಕ್ಕೆ ಐದಾರು ಸಲ ತಿಂಡಿ. ತಿಂದು ಬಿಟ್ಟ ಚೂರು ಕೊಳೆಯುವ ಮೊದಲೇ ತೆಳುವಾದ ಪೈಪಿನಿಂದ ಹೀರಿ ತೆಗೆಯಬೇಕು. ಬೆಳಿಗ್ಗೆ ಅರ್ಧ ಟ್ಯಾಂಕ್, ಸಂಜೆ ಅರ್ಧ ಟ್ಯಾಂಕ್ ನೀರು ಬದಲಾಗಬೇಕು. ಹಳೆಯ ನೀರಿನಲ್ಲಿ ಎಷ್ಟು ತಿನ್ನಿಸಿದರೂ ಅವು ಬೆಳೆಯುವುದಿಲ್ಲ. ಒಮ್ಮೆ ಬೆಳವಣಿಗೆ ನಿಂತಿತೆಂದರೆ ಮೈ ಗಿಡ್ಡಾಗಿ ಕಣ್ಣು ಮಾತ್ರ ದೊಡ್ಡದಾಗುತ್ತಾ ಹೋಗುತ್ತದೆ, ಆಮೇಲೆ ಏನು ಮಾಡಿದರೂ ಸರಿಹೋಗುವುದಿಲ್ಲ. ಹಾಗೆಂದು ನಲ್ಲಿಯ ನೀರನ್ನು ನೇರವಾಗಿ ಸುರಿಯುವಂತಿಲ್ಲ. ನಮ್ಮ ಹೊಟ್ಟೆಯನ್ನು ಕಾಪಾಡುವ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಆದ್ದರಿಂದ ನಲ್ಲಿಯ ನೀರು ಡ್ರಮ್ಮಿನಲ್ಲಿ ಎರಡು ದಿನ ಕೂರಬೇಕು, ಒಳಗೆ ಗಾಳಿಯ ಗುಳ್ಳೆ ಏಳುತ್ತಿರಬೇಕು, ಹೀಟರಿನಿಂದ ಬೆಚ್ಚಗಾಗಬೇಕು. ಅಂಥ ನೀರಿಗೆ ಅವಳು ‘ಮಾಗಿದ ನೀರು’ ಎನ್ನುತ್ತಿದ್ದಳು. ಯಾವ ಡ್ರಮ್ ಮಾಗಿದೆಯೋ ಅದರ ಅಂಚಿಗೆ ಬಟ್ಟೆ ಒಣಹಾಕುವ ಕೆಂಪು ಕ್ಲಿಪ್ ಸಿಕ್ಕಿಸುತ್ತಿದ್ದಳು. ಕ್ಲಿಪ್ ಸಿಕ್ಕಿಸುವ ಮುಂಚೆ ಸಣ್ಣ ಗಾಜಿನ ನಳಿಕೆಯಲ್ಲಿ ನೀರು ಹಿಡಿದು ಐದು ಹನಿ ಔಷಧಿ ಬಿಟ್ಟು ನೋಡುತ್ತಿದ್ದಳು. ಹಳದಿ ಬಂದರೆ ಕ್ಲೋರಿನ್ ಇದೆ. ಬಣ್ಣ ಬರದಿದ್ದರೆ ಇಲ್ಲ.

ಈ ಹನಿಯನ್ನು ಕಂಡರೆ ಮೇಸ್ತ್ರಿಗೆ ಆಗುತ್ತಿರಲಿಲ್ಲ. ಅವಳು ನಳಿಕೆ ಎತ್ತುವ ಮೊದಲೇ ಡ್ರಮ್ಮಿನ ಮೇಲೆ ಬಗ್ಗಿ, ಒಂದು ಸಲ ದೀರ್ಘವಾಗಿ ಮೂಸಿ, “ಏನೂ ಇಲ್ಲ, ಮಾಗಿದೆ” ಎಂದು ತೀರ್ಪು ಕೊಡುತ್ತಿದ್ದ. ಹನಿಯೂ ಅದನ್ನೇ ಹೇಳುತ್ತಿತ್ತು. “ನೋಡಿದ್ಯಾ?” ಎಂದು ಹುಬ್ಬು ಹಾರಿಸುತ್ತಿದ್ದ. ಅವಳು ನಗುತ್ತಿದ್ದಳು. ಎರಡು ದಿನ ಗಾಳಿಯಾಡಿದ ನೀರಿನಲ್ಲಿ ಕ್ಲೋರಿನ್ ಇರುವುದೇ ಇಲ್ಲವೆಂದ ಮೇಲೆ, ಏನೂ ಇಲ್ಲ ಎಂದು ಹೇಳಲು ಮೂಗೇ ಬೇಕಾಗಿಲ್ಲ ಎಂಬ ಮಾತು ಆಗ ಇಬ್ಬರಿಗೂ ಹೊಳೆಯಲಿಲ್ಲ.

ಮರಿಗಳು ಅಗಲವಾದ ನಾಣ್ಯದಷ್ಟಾಗಿ, ಮೈಮೇಲೆ ನೀಲಿ ಗೆರೆಗಳ ಸುಳಿವು ಕಾಣಿಸಿಕೊಂಡ ಹೊತ್ತಿಗೆ ಮಗಳ ಮನೆಯಿಂದ ಫೋನ್ ಬಂತು. ಹೆರಿಗೆ ಡಾಕ್ಟರ್ ಹೇಳಿದ ದಿನಕ್ಕಿಂತ ಮುಂಚೆಯೇ ಆಗುವಂತಿತ್ತು. ಅಮ್ಮ ತಕ್ಷಣ ಬರಬೇಕು. ಬೇರೆ ಊರು, ಅರ್ಧ ದಿನದ ರೈಲು ಪ್ರಯಾಣ, ಕನಿಷ್ಠ ಹನ್ನೆರಡು ದಿನವಾದರೂ ಇರಬೇಕು. ಅವಳು ಬಟ್ಟೆ ಜೋಡಿಸಿಕೊಳ್ಳುವುದಕ್ಕಿಂತ ಹೆಚ್ಚು ಹೊತ್ತನ್ನು ಗಂಡನಿಗೆ ಹೇಳಿಕೊಡುವುದರಲ್ಲಿ ಕಳೆದಳು. ಮರಿಗಳ ತಿಂಡಿಗೆಂದು ಅರೆದಿಟ್ಟ ಗುಂಡಿಗೆಯ ಮಾಂಸ ಫ್ರೀಜರಿನಲ್ಲಿದೆ, ಬಿಲ್ಲೆಯಷ್ಟು ಮುರಿದು ಹಾಕಬೇಕು. ಕೈಗೆ ಸೋಪು ಹಚ್ಚಿಕೊಂಡು ನೀರಿಗೆ ಕೈ ಹಾಕಬಾರದು. ದೊಡ್ಡ ಮೀನುಗಳ ನೀರನ್ನು ತಾನು ಬರುವವರೆಗೆ ಮುಟ್ಟುವುದು ಬೇಡ. ಕೊನೆಗೆ ಹನಿಯ ಬಾಟಲಿಯನ್ನು ಅವನ ಅಂಗೈ ಮೇಲಿಟ್ಟು, ಒಂದು ಸಲ ಅವನಿಂದಲೇ ಮಾಡಿಸಿ ನೋಡಿದಳು.

“ಡ್ರಮ್ ಖಾಲಿ ಮಾಡೋ ಮುಂಚೆ ಪ್ರತೀ ಸಲ ಹಾಕಿ ನೋಡ್ತೀರಲ್ವಾ?”

“ನೋಡ್ತೀನಿ ಬಿಡೇ. ನೀರಿನ ವಿಷಯ ನನಗೆ ಹೇಳಿಕೊಡ್ತೀಯಾ?”

“ನಿಮಗೆ ಹೇಳಿಕೊಡ್ತಿಲ್ಲ. ಹಾಕ್ತೀನಿ ಅಂತ ಬಾಯಿಬಿಟ್ಟು ಹೇಳಿ.”

“ಹಾಕ್ತೀನಿ.”

ಅವಳು ಹೋದಳು. ಮೇಸ್ತ್ರಿ ಬಾಟಲಿಯನ್ನು ಕಿಟಕಿಯ ಮೇಲಿಟ್ಟ. ಅಲ್ಲಿಂದ ಅದನ್ನು ಒಂಬತ್ತು ದಿನ ತೆಗೆಯಲಿಲ್ಲ.

ಮೊದಲ ಮೂರು ದಿನ ಎಲ್ಲ ಸುಸೂತ್ರವಾಗಿ ನಡೆಯಿತು. ಮೇಸ್ತ್ರಿಗೆ ಒಳಗೊಳಗೇ ಖುಷಿಯಾಗಿತ್ತು. ಕೋಣೆಯ ಬಾಗಿಲು ತೆಗೆದರೆ ನಲವತ್ತೆರಡು ಮರಿಗಳೂ ಗಾಜಿನ ಕಡೆ ನುಗ್ಗಿ ಬರುತ್ತಿದ್ದವು. ಪಂಪ್‌ಹೌಸಿನಲ್ಲಿ ಊರಿಗೆಲ್ಲ ನೀರು ಕೊಟ್ಟಿದ್ದರೂ ಕುಡಿದವರ ಮುಖವನ್ನು ಅವನು ನೋಡಿರಲಿಲ್ಲ. ಇಲ್ಲಿ ಹೊಸ ನೀರು ಬಿದ್ದ ಕೂಡಲೇ ಅವು ರೆಕ್ಕೆ ಬಿಚ್ಚಿಕೊಂಡು ಮೇಲೆ ಕೆಳಗೆ ಆಡುವುದನ್ನು ನೋಡಬಹುದಿತ್ತು. ಇದು ನನ್ನ ಕೈಗುಣ ಎಂದುಕೊಂಡ. ಹೆಂಡತಿ ಫೋನ್ ಮಾಡಿದಾಗ ಒಂದೊಂದು ಮರಿಯ ವಿಷಯವನ್ನೂ ಬಿಡಿಸಿ ಹೇಳಿದ. “ಹನಿ?” ಎಂದು ಕೇಳಿದಳು. “ಹೂಂ” ಎಂದ.

ನಾಲ್ಕನೆಯ ದಿನ ಮಳೆ ಶುರುವಾಯಿತು. ವರ್ಷದ ಮೊದಲ ಜೋರು ಮಳೆ. ಪಂಪ್‌ಹೌಸಿಗೆ ಬರುವ ಹೊಳೆಯ ನೀರು ಕೆಂಪಗೆ ಕದಡಿರುತ್ತದೆ ಎಂದು ಮೇಸ್ತ್ರಿಗೆ ನೋಡದೆಯೇ ಗೊತ್ತು. ಮೀಟರ್‌ಗೆ ಫೋನ್ ಹಚ್ಚಿದ.

“ಕ್ಲೋರಿನ್ ಎಷ್ಟು ಬಿಡ್ತಾ ಇದ್ದೀಯಯ್ಯಾ?”

“ಡಬಲ್ ಅಣ್ಣ. ರಾಡಿ ಜಾಸ್ತಿ ಬರ್ತಿದೆ. ಇನ್ನೂ ಒಂದು ವಾರ ಹೀಗೇ.”

“ಸರಿ ಮಾಡಿದ್ದೀಯ. ನಾನಿದ್ರೂ ಅಷ್ಟೇ ಬಿಡ್ತಿದ್ದೆ.”

ಮಳೆಗೆ ಕರೆಂಟ್ ಹೋಗಿ ಬಂದು ಮಾಡತೊಡಗಿತು. ಕರೆಂಟಿಲ್ಲದಿದ್ದರೆ ಡ್ರಮ್ಮಿನ ಗಾಳಿಯೂ ನಿಲ್ಲುತ್ತದೆ. ದುಪ್ಪಟ್ಟು ಕ್ಲೋರಿನ್, ಅರ್ಧ ದಿನ ಗಾಳಿ. ಇಂಥ ಲೆಕ್ಕ ಊರಿನಲ್ಲಿ ಯಾರಿಗಾದರೂ ಬರುವುದಿದ್ದರೆ ಅದು ಮೇಸ್ತ್ರಿಗೆ ಬರಬೇಕು. ಬಂತು ಕೂಡ. ಎರಡು ದಿನ ಸಾಕಾಗಲಿಕ್ಕಿಲ್ಲ ಎಂದುಕೊಂಡು ಆರನೆಯ ದಿನ ಡ್ರಮ್ಮಿನ ಮುಚ್ಚಳ ತೆಗೆದು, ಎಂದಿಗಿಂತ ಹೆಚ್ಚು ಹೊತ್ತು ಮೂಸಿದ. ಏನೂ ಇರಲಿಲ್ಲ. ಇನ್ನೊಮ್ಮೆ ಮೂಸಿದ. ಏನೂ ಇಲ್ಲ. ಕಿಟಕಿಯ ಕಡೆ ಒಂದು ಸಲ ನೋಡಿದ. ಆಮೇಲೆ ಕೆಂಪು ಕ್ಲಿಪ್ ಸಿಕ್ಕಿಸಿ, ಬಕೆಟ್ ಅದ್ದಿ, ಮರಿಗಳ ಟ್ಯಾಂಕಿನ ಅರ್ಧ ನೀರು ಬದಲಾಯಿಸಿದ.

ಸಂಜೆ ತಿಂಡಿ ಹಾಕಲು ಹೋದಾಗ ಒಂದೂ ಮರಿ ಗಾಜಿನ ಬಳಿ ಬರಲಿಲ್ಲ. ಎಲ್ಲವೂ ಹಿಂದಿನ ಮೂಲೆಯಲ್ಲಿ ಒಂದಕ್ಕೊಂದು ಆತು ನಿಂತಿದ್ದವು. ಮೈಬಣ್ಣ ಕಪ್ಪಗಾಗಿತ್ತು. ರೆಕ್ಕೆ ಮೈಗೆ ಅಂಟಿತ್ತು. ಕಿವಿರು ಹೊಲಿಗೆಯಂತ್ರದ ಸೂಜಿಯಂತೆ ಬಡಿದುಕೊಳ್ಳುತ್ತಿತ್ತು. ಹೆಂಡತಿ ನೂರು ಸಲ ಹೇಳಿದ ಮಾತು ನೆನಪಾಯಿತು: ಮರಿ ಕಪ್ಪಾದರೆ ಮೊದಲು ನೀರು ಬದಲಾಯಿಸಿ, ಆಮೇಲೆ ಯೋಚನೆ ಮಾಡಿ. ಡಿಸ್ಕಸ್ ಸಾಕುವವರು ಯಾರನ್ನು ಕೇಳಿದರೂ ಮೊದಲು ಹೇಳುವುದು ಅದನ್ನೇ. ಮೇಸ್ತ್ರಿ ಇನ್ನೊಂದು ಅರ್ಧ ಟ್ಯಾಂಕ್ ಬದಲಾಯಿಸಿದ.

ಬೆಳಿಗ್ಗೆ ಮೂರು ಮರಿ ತಳದಲ್ಲಿ ಮಲಗಿದ್ದವು.

ತಿಂಡಿ ಕೆಟ್ಟಿರಬೇಕು ಎಂದುಕೊಂಡು ಫ್ರೀಜರಿನಲ್ಲಿದ್ದ ಮಾಂಸವನ್ನೆಲ್ಲ ಬಿಸಾಡಿ ಹೊಸದನ್ನು ತಂದು ಅರೆದಿಟ್ಟ. ಪೈಪು, ಬಕೆಟ್, ಗಾಳಿಯ ಕಲ್ಲು ಎಲ್ಲವನ್ನೂ ತಿಕ್ಕಿ ತೊಳೆದ. ನೀರನ್ನು ದಿನಕ್ಕೆ ಎರಡು ಸಲದ ಬದಲು ಮೂರು ಸಲ ಬದಲಾಯಿಸಿದ. ನಾಲ್ಕು ಡ್ರಮ್ ಅದಕ್ಕೆ ಸಾಲುತ್ತವೆಯೇ? ಎರಡು ದಿನ ಕೂರಬೇಕಾದ ನೀರು ಒಂದು ದಿನ ಕೂತಿತು, ಆಮೇಲೆ ಅರ್ಧ ದಿನ. ಪ್ರತೀ ಸಲವೂ ಮೂಸುವುದನ್ನು ಮಾತ್ರ ತಪ್ಪಿಸಲಿಲ್ಲ. ಮೂಗು ಪ್ರತೀ ಸಲವೂ ಏನೂ ಇಲ್ಲ ಎಂದೇ ಹೇಳಿತು. ಮರಿಗಳು ಸಾಯುತ್ತಿದ್ದಂತೆ ಅವನು ನೀರು ಹೆಚ್ಚು ಹಾಕಿದ, ನೀರು ಹೆಚ್ಚು ಹಾಕಿದಂತೆ ಅವು ಹೆಚ್ಚು ಸತ್ತವು. ಎಂಟನೆಯ ದಿನ ಐದು. ಒಂಬತ್ತನೆಯ ದಿನ ಬೆಳಿಗ್ಗೆ ಇನ್ನೂ ಏಳು. ಸೊಂಟ ಹಿಡಿದುಕೊಂಡು, ತೊಯ್ದ ಪ್ಯಾಂಟಿನಲ್ಲಿ ಅವನು ಸತ್ತ ಮರಿಗಳನ್ನು ಹಿತ್ತಿಲ ಹೂವಿನ ಕುಂಡಗಳಲ್ಲಿ ಒಂದೊಂದಾಗಿ ಹೂಳಿದ. ಅವನು ಸೋಮಾರಿಯಾಗಿದ್ದಿದ್ದರೆ ಬಹುಶಃ ಅರ್ಧಕ್ಕಿಂತ ಹೆಚ್ಚು ಮರಿ ಉಳಿಯುತ್ತಿದ್ದವು.

ಎಂಟನೆಯ ದಿನವೇ ಮೊಮ್ಮಗಳು ಹುಟ್ಟಿದ್ದಳು. ಫೋನಿನಲ್ಲಿ ಹೆಂಡತಿಯ ದನಿ ಹದಿನೆಂಟರ ಹುಡುಗಿಯದಾಗಿತ್ತು.

“ಥೇಟ್ ನಿಮ್ಮ ಮೂಗು ಕಣ್ರೀ!”

“ಹೌದಾ?”

“ಹೂಂ, ಅಷ್ಟುದ್ದ. ಮರಿಗಳು ಹೇಗಿವೆ? ಹನಿ ಹಾಕ್ತಿದ್ದೀರಾ?”

“ಹಾಕ್ತಿದ್ದೀನಿ.”

“ಹಳದಿ ಬರ್ತಿಲ್ಲ ತಾನೆ? ಮಳೆ ಅಂತೆ ಅಲ್ಲಿ.”

“ಇಲ್ಲ, ಬರ್ತಿಲ್ಲ. ಎಲ್ಲ ಚೆನ್ನಾಗಿವೆ. ನೀನು ಮಗು ನೋಡ್ಕೋ.”

ಫೋನಿಟ್ಟ ಮೇಲೆ ಕಿಟಕಿಯ ಹತ್ತಿರ ಹೋಗಿ ನಿಂತ. ಬಾಟಲಿ ಕೈಗೆಟುಕುವಷ್ಟು ಹತ್ತಿರವಿತ್ತು. ನೀರು ಕುಡಿದಷ್ಟು ಸುಲಭದ ಕೆಲಸ, ಐದು ಹನಿ. ಅವನಿಗೆ ಕೈ ಬರಲಿಲ್ಲ. ಈಗ ಹಾಕಿದರೆ, ಇಷ್ಟು ದಿನ ಹಾಕಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡ ಹಾಗಾಗುತ್ತದೆ ಎನಿಸಿತು.

ಒಂಬತ್ತನೆಯ ದಿನ ಮಧ್ಯಾಹ್ನ ಮೀಟರ್ ಬಂದ. ಮೊಮ್ಮಗಳ ಸುದ್ದಿ ಪಂಪ್‌ಹೌಸಿಗೆ ಮುಟ್ಟಿತ್ತು, ಎಲ್ಲರ ಪರವಾಗಿ ಮಾತಾಡಿಸಿಕೊಂಡು ಹೋಗೋಣವೆಂದು ಬಂದಿದ್ದ. ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟವನು ಹಾಲಿನ ನಡುವೆಯೇ ನಿಂತುಬಿಟ್ಟ.

“ಏನಣ್ಣ, ಮನೆಯಲ್ಲೂ ಡ್ಯೂಟಿ ಮಾಡ್ತಿದ್ದೀರಾ? ನಮ್ಮ ಸಿಲಿಂಡರ್ ರೂಮಿನ ವಾಸನೆ ಹೊಡೀತಿದೆಯಲ್ಲ!”

“ಯಾವ ವಾಸನೆ?”

ಮೀಟರ್ ಮೇಸ್ತ್ರಿಯ ಮುಖ ನೋಡಿದ. ತೊಯ್ದ ಪ್ಯಾಂಟ್, ಕೈಯಲ್ಲಿ ಬಕೆಟ್, ಕೆಂಪಾದ ಕಣ್ಣು. ಕೋಣೆಯ ಬಾಗಿಲು ತೆರೆದಿತ್ತು. ಅವನು ಮಾತಾಡದೆ ಒಳಗೆ ಹೋಗಿ, ಮರಿಗಳನ್ನು ನೋಡಿ, ಡ್ರಮ್ ಮೇಲೆ ಬಗ್ಗಿ, ತಕ್ಷಣ ಮುಖ ಹಿಂದಕ್ಕೆಳೆದುಕೊಂಡ. ಕಿಟಕಿಯ ಮೇಲಿದ್ದ ಬಾಟಲಿ ಅವನ ಕಣ್ಣಿಗೆ ಬೀಳದಿರಲು ಸಾಧ್ಯವಿರಲಿಲ್ಲ. ನಳಿಕೆಗೆ ನೀರು ಹಿಡಿದು ಹನಿ ಬಿಟ್ಟ. ಐದು ಹನಿ ಬೀಳುವಷ್ಟರಲ್ಲಿ ನೀರು ಮೊಟ್ಟೆಯ ಭಂಡಾರದಷ್ಟು ಹಳದಿಯಾಯಿತು. ಟ್ಯಾಂಕಿನ ನೀರಿಗೂ ಹಾಕಿದ. ಅದೂ ಹಳದಿ.

“ಇಲ್ಲೇ ಇರಿ ಅಣ್ಣ. ಏನೂ ಮುಟ್ಟಬೇಡಿ, ನೀರು ಬದಲಾಯಿಸಬೇಡಿ” ಎಂದು ಮೀಟರ್ ಸ್ಕೂಟರ್ ಹತ್ತಿ ಹೋದ. ಇಪ್ಪತ್ತು ನಿಮಿಷದಲ್ಲಿ ಪ್ರಯೋಗಾಲಯದಿಂದ ಒಂದು ಪೊಟ್ಟಣ ತಂದ. ಪರೀಕ್ಷೆಗೆಂದು ನೀರು ಹಿಡಿಯುವ ಬಾಟಲಿಗಳಿಗೆ ಕ್ಲೋರಿನ್ ಕೊಲ್ಲಲು ಹಾಕುವ ಬಿಳಿ ಹರಳು ಅದು. ಅಂಗೈಯಲ್ಲೇ ಸುರಿಯುವವರೂ ಇದ್ದಾರೆ, ಆದರೆ ಮೀಟರ್ ಟ್ಯಾಂಕಿನ ಉದ್ದ ಅಗಲ ಅಳೆದು, ಲೆಕ್ಕ ಮಾಡಿ, ಕರಗಿಸಿ ಹಾಕಿದ. ಮತ್ತೆ ಹನಿ ಬಿಟ್ಟ. ಬಣ್ಣ ಬರಲಿಲ್ಲ. ಮರಿಗಳು ಇನ್ನೂ ಮೂಲೆಯಲ್ಲೇ ಇದ್ದವು. ಮೇಸ್ತ್ರಿ ಅವಳ ಸ್ಟೂಲಿನ ಮೇಲೆ ಕುಳಿತಿದ್ದ.

“ನನಗೇನೂ ಗೊತ್ತಾಗಲಿಲ್ಲಯ್ಯಾ. ಪ್ರತೀ ಸಲ ಮೂಸಿದೆ.”

ಮೀಟರ್ ಕನ್ನಡಕ ಒರೆಸಿಕೊಂಡ. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ.

“ಆರು ವರ್ಷದಿಂದ ಹೀಗೇ ಅಣ್ಣ. ಆವತ್ತು ಸಿಲಿಂಡರ್ ಲೀಕ್ ಆಯ್ತಲ್ಲ, ನಾವೆಲ್ಲ ಕೆಮ್ಮಿಕೊಂಡು ಹೊರಗೆ ಓಡಿದ್ವಿ, ನೀವು ಒಳಗೇ ನಿಂತು ವಾಲ್ವ್ ಮುಚ್ಚಿದ್ರಿ. ಎಲ್ಲರೂ ನಿಮ್ಮ ಧೈರ್ಯ ಹೊಗಳಿದ್ರು. ಅದಾಗಿ ಎರಡು ವಾರಕ್ಕೆ ನೀವು ‘ಸರಿಯಿದೆ’ ಅಂದ ನೀರಿಗೆ ಹನಿ ಹಾಕಿದ್ರೆ ಬಣ್ಣಾನೇ ಬರಲಿಲ್ಲ. ಕ್ಲೋರಿನ್ ಸೊನ್ನೆ. ಹಾಗೇ ಬಿಟ್ಟಿದ್ರೆ ಊರಿಗೆ ಊರೇ ಆಸ್ಪತ್ರೆ ಸೇರ್ತಿತ್ತು.”

“ಆಮೇಲೆ?”

“ಆಮೇಲೆ ನೀವು ವಾಲ್ವ್ ತಿರುಗಿಸಿ ಹೋದ ಮೇಲೆ ನಾನು ಹನಿ ಹಾಕಿ ಸರಿ ಮಾಡ್ತಿದ್ದೆ. ದಿನಾ.”

“ಬೇರೆ ಯಾರಿಗೆ ಗೊತ್ತು?”

“ಯಾರಿಗೂ ಇಲ್ಲ. ನಿಮ್ಮ ಹತ್ತಿರ ಹೇಗೆ ಹೇಳೋದು ಅಂತ ಬಾಯಿ ಬರಲಿಲ್ಲ.”

ದಿನಕ್ಕೆ ಮೂರು ಸಲ ಗೇಲಿ ಮಾಡಿಸಿಕೊಂಡ ಮನುಷ್ಯ ತನ್ನ ಹಿಂದೆ ನಿಂತು ಆರು ವರ್ಷ ತನ್ನ ಮಾನ ಕಾಪಾಡಿದ್ದಾನೆ ಎಂದು ತಿಳಿದಾಗ ಏನು ಹೇಳಬೇಕೆಂದು ಯಾರೂ ಮೇಸ್ತ್ರಿಗೆ ಕಲಿಸಿರಲಿಲ್ಲ. ಚಹಾ ಮಾಡಿ ಕೊಟ್ಟ. ಮೀಟರ್ ಎಂದಿನಂತೆ ಸಕ್ಕರೆ ಸಮ ಮಾಡಿ ಹಾಕಿಕೊಂಡು ಕುಡಿದು ಹೋದ.

ಸುಟ್ಟ ಕಿವಿರು ಒಂದೇ ದಿನದಲ್ಲಿ ವಾಸಿಯಾಗುವುದಿಲ್ಲ. ಮುಂದಿನ ಎರಡು ದಿನಗಳಲ್ಲಿ ಇನ್ನೂ ಎಂಟು ಮರಿ ಹೋದವು. ಹತ್ತೊಂಬತ್ತು ಉಳಿದವು. ಅಂಗಡಿಯಿಂದ ಅಷ್ಟೇ ಅಳತೆಯ ಮರಿಗಳನ್ನು ತಂದು ಬಿಟ್ಟರೆ ಹೇಗೆ ಎಂಬ ಯೋಚನೆಯೂ ಅವನಿಗೆ ಬಂತು, ಸುಳ್ಳೇಕೆ. ಒಂದು ಹೊತ್ತು ಪೂರ್ತಿ ಅದನ್ನೇ ಯೋಚಿಸಿದ. ಹುಟ್ಟಿದ ಗಳಿಗೆಯಿಂದ ನೋಡಿದವಳಿಗೆ ತನ್ನ ಮರಿ ಯಾವುದು, ಬೇರೆಯವರದು ಯಾವುದು ಎಂದು ಗೊತ್ತಾಗದೆ ಇರುತ್ತದೆಯೇ ಎನಿಸಿ ಕೈಬಿಟ್ಟ. ಫೋನಿನಲ್ಲಿ ಹೇಳಲು ಎರಡು ಸಲ ಬಾಯಿ ತೆರೆದ. ಎರಡು ಸಲವೂ ಆ ಕಡೆ ಮಗು ಅತ್ತಿತು.

ಹನ್ನೆರಡನೆಯ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಅವಳು ಬಂದಳು. ಬ್ಯಾಗ್ ಕೆಳಗಿಡುವ ಮೊದಲೇ ಹೇಳಿಬಿಟ್ಟ. ಇಪ್ಪತ್ಮೂರು ಸತ್ತವು, ಹನಿ ಹಾಕಲಿಲ್ಲ, ಹಾಕಿದೆ ಅಂತ ಸುಳ್ಳು ಹೇಳಿದೆ, ನನ್ನ ಮೂಗು ಸತ್ತಿದೆ ಎಂದ. ಬೇರೆ ಬೇರೆಯಾಗಿ ಹೇಳಬೇಕೆಂದು ಜೋಡಿಸಿಟ್ಟುಕೊಂಡಿದ್ದ ಮಾತುಗಳೆಲ್ಲ ಒಂದೇ ಉಸಿರಿಗೆ ಬಂದುಬಿಟ್ಟವು.

ಅವಳು ಚಪ್ಪಲಿಯನ್ನೂ ಬಿಡದೆ ಕೋಣೆಗೆ ಹೋದಳು. ಸ್ಟೂಲಿನ ಮೇಲೆ ಕುಳಿತಳು. ಎಣಿಸಿದಳು, ಇನ್ನೊಮ್ಮೆ ಎಣಿಸಿದಳು. ಒಂದೊಂದು ಮರಿಯ ಕಣ್ಣು, ಕಿವಿರು, ರೆಕ್ಕೆಯ ತುದಿ ನೋಡಿದಳು. ಅವಳನ್ನು ಕಂಡು ಕೆಲವು ಗಾಜಿನ ಬಳಿ ಬಂದವು.

“ಇದರಲ್ಲಿ ನಾಲ್ಕೈದು ಬೆಳೆಯಲ್ಲ” ಎಂದಳು. ಅಳುತ್ತಿರಲಿಲ್ಲ. ಆಮೇಲೆ ಕೇಳಿದಳು: “ಮೂಗು ಯಾವಾಗಿಂದ?”

“ಮೀಟರ್ ಆರು ವರ್ಷ ಅಂತಾನೆ. ಆ ಲೀಕ್ ಆದಾಗಿನಿಂದ.”

“ಅದಕ್ಕೇನಾ ಒಲೆ ಮೇಲೆ ಹಾಲು ಸೀದು ಕರಕಲಾದರೂ ಪಕ್ಕದಲ್ಲೇ ಪೇಪರ್ ಓದಿಕೊಂಡು ಕೂತಿರ್ತಿದ್ದದ್ದು? ನಾನು ಎಷ್ಟು ಬೈದಿದ್ದೀನಿ ನಿಮ್ಮನ್ನ.”

“ಹೂಂ.”

“ಹೇಳಬಾರದಿತ್ತಾ?”

“ನನಗೇ ಗೊತ್ತಿರಲಿಲ್ಲ ಕಣೇ.”

ಅವಳು ತಿರುಗಿ ಅವನ ಮುಖ ನೋಡಿದಳು. “ಗೊತ್ತಿರಲಿಲ್ವಾ? ಒಪ್ಪಿಕೊಳ್ಳಲಿಲ್ವಾ?”

ಮೇಸ್ತ್ರಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ. ಮೀಟರ್‌ಗೂ ಹೇಳದೆ ಉಳಿಸಿಕೊಂಡಿದ್ದ ಮಾತು ಇದೊಂದೇ. ಲೀಕ್ ಆದ ದಿನ ಅವನು ಒಳಗೆ ನಿಂತದ್ದು ಧೈರ್ಯದಿಂದಲ್ಲ. ಕಣ್ಣು ಉರಿದು ನೀರು ಧಾರೆಯಾಗಿ ಸುರಿಯುತ್ತಿತ್ತು, ಗಂಟಲು ಕಿತ್ತು ಬರುತ್ತಿತ್ತು, ಆದರೆ ಮೂಗಿಗೆ ಏನೂ ತಿಳಿಯುತ್ತಿರಲಿಲ್ಲ. ಅಷ್ಟು ಅನಿಲದ ನಡುವೆ ನಿಂತು ಅವನು ಅದನ್ನೇ ಮತ್ತೆ ಮತ್ತೆ ಮೂಸಿ ನೋಡುತ್ತಿದ್ದ. ನೆಗಡಿ ಎಂದುಕೊಂಡ. ಒಂದು ವಾರ ನೆಗಡಿ, ಒಂದು ತಿಂಗಳು ನೆಗಡಿ. ಆಮೇಲೆ ಅದಕ್ಕೊಂದು ಹೆಸರು ಕೊಡುವುದನ್ನೇ ಬಿಟ್ಟ. ಲೋಟವನ್ನು ಮೂಗಿನ ಕೆಳಗೆ ಆಡಿಸುವುದನ್ನು ಮಾತ್ರ ಬಿಡಲಿಲ್ಲ.

“ಗೊತ್ತಿತ್ತು” ಎಂದ.

“ಗೊತ್ತಿದ್ದೂ ಊರಿಗೆಲ್ಲ ನೀರು ಬಿಟ್ರಾ?”

“ಬಿಟ್ಟೆ. ಮೀಟರ್ ನನ್ನ ಹಿಂದೆ ಬಂದು ಸರಿ ಮಾಡ್ತಿದ್ದನಂತೆ. ಅದು ಮಾತ್ರ ನಿಜವಾಗಿ ಗೊತ್ತಿರಲಿಲ್ಲ.”

ಅವಳು ಮತ್ತೆ ಟ್ಯಾಂಕಿನ ಕಡೆ ತಿರುಗಿದಳು. ಗಾಳಿಯ ಪಂಪು ಗುರುಗುಟ್ಟುತ್ತಿತ್ತು. ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮೇಸ್ತ್ರಿಗೆ ಎಷ್ಟೋ ವಾಸಿಯಾಗುತ್ತಿತ್ತು.

“ಊರಿಗೆ ನಿಮ್ಮ ಹಿಂದೆ ಒಬ್ಬ ಇದ್ದ. ನನ್ನ ಮರಿಗಳಿಗೆ ನೀವೊಬ್ಬರೇ ಇದ್ರಿ.”

ಅವಳು ಎದ್ದು ಚಪ್ಪಲಿ ಬಿಟ್ಟು ಬಂದು, ಕೈ ತೊಳೆದುಕೊಂಡು, ಮರಿಗಳಿಗೆ ತಿಂಡಿ ಮುರಿಯತೊಡಗಿದಳು. ಮೇಸ್ತ್ರಿ ಬಾಗಿಲಲ್ಲೇ ನಿಂತಿದ್ದ. ಒಳಗೆ ಬನ್ನಿ ಎಂದು ಅವಳು ಹೇಳಲಿಲ್ಲ, ಹೋಗಿ ಎಂದೂ ಹೇಳಲಿಲ್ಲ.